ಎಡಗಡೆ ಸೀಟಿನ ಮೂಟೆ

ಹೊಳೆ ತಿರುಗುವ ಜಾಗದಲ್ಲಿ ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಉದ್ದಕ್ಕೆ ಮಲಗಿದ ಹಳೇ ರನ್‌ವೇ. ಯಾವುದೋ ಕಾಲದಲ್ಲಿ ಅಲ್ಲಿ ಫ್ಯಾಕ್ಟರಿಯವರ ಸಣ್ಣ ವಿಮಾನ ಇಳಿಯುತ್ತಿತ್ತಂತೆ. ಫ್ಯಾಕ್ಟರಿ ಮುಚ್ಚಿತು. ರನ್‌ವೇ ಉಳಿಯಿತು.

ಅಲ್ಲಿ ತಿಪ್ಪೇಶಪ್ಪ ಮೇಸ್ತ್ರಿ ಇದ್ದರು. ಪಂದ್ಯದಲ್ಲಿ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಯಾರೇ ಬರಲಿ, ಮೊದಲು ಕೈಗೆ ಪೊರಕೆ. ರನ್‌ವೇ ಮೇಲೆ ಒಂದು ಕಲ್ಲು, ಒಂದು ಹಿಡಿ ಮಣ್ಣು ಇರಬಾರದು. ಅದಕ್ಕೇ ಊರಿನವರು ಆ ಜಾಗಕ್ಕೆ ಆಶ್ರಮ ಅನ್ನುತ್ತಿದ್ದರು. ನಕ್ಕೇ ಅನ್ನುತ್ತಿದ್ದರು.

ಕೊಟ್ರೇಶ ಟ್ಯಾಕ್ಸಿಯವನು. ಮೂವತ್ತು ದಾಟಿತ್ತು. ಹತ್ತು ವರ್ಷ ಬೇರೆಯವರು ಹೇಳಿದ ಕಡೆಗೆ, ಬೇರೆಯವರು ಹೇಳಿದಷ್ಟು ವೇಗದಲ್ಲಿ ಓಡಿಸಿದ್ದ. ತನ್ನ ಪೂರಾ ವೇಗ ಎಷ್ಟು ಅನ್ನುವುದು ಅವನಿಗೇ ಗೊತ್ತಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಅದನ್ನು ನೋಡಬೇಕಿತ್ತು.

ಅವನು ಬಂದ ದಿನ ಬಗಲಿನ ಚೀಲದಲ್ಲಿ ಮೂರು ಮೀಟರು ತಂದಿದ್ದ. ಕಾರು ನಿಂತಲ್ಲಿಂದ ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು, ಎಂಜಿನ್ನಿಗೆ ಎಷ್ಟು ಕುದುರೆಯ ಬಲ, ಇಂಥದ್ದನ್ನೆಲ್ಲ ತೋರಿಸುವ ಮೀಟರುಗಳು. ಒಂದು ಗಾಜಿಗೆ ಅಂಟಿಕೊಂಡು ಕಾರಿನ ನೂಕು ಅಳೆಯುವುದು. ಒಂದು ಆಕಾಶದ ಉಪಗ್ರಹವನ್ನು ಕೇಳಿಕೊಂಡು ಹೇಳುವುದು. ಇನ್ನೊಂದು ಮೊಬೈಲಿನೊಳಗಿನದು.

ಮೂರನ್ನೂ ಮೇಸ್ತ್ರಿಯ ಕಾರಿಗೆ ಕಟ್ಟಿಕೊಂಡು ಒಂದು ಸಲ ಓಡಿಸಿದ. ಒಂದು ಹನ್ನೆರಡು ಪಾಯಿಂಟ್ ಒಂಬತ್ತು ಸೆಕೆಂಡು ಅಂದಿತು. ಒಂದು ಹದಿಮೂರು ಮೂರು. ಒಂದು ಹನ್ನೆರಡು ನಾಲ್ಕು.

"ಇದ್ರಲ್ಲಿ ನಿಜ ಹೇಳೋದು ಯಾವ್ದು ಮೇಸ್ತ್ರಿ?"

ಮೇಸ್ತ್ರಿ ಶೆಡ್ಡಿನೊಳಗೆ ಹೋದರು. ಒಂದು ತಟ್ಟೆಯಲ್ಲಿ ನೀರು ತಂದು ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಇಟ್ಟರು. ನೀರು ಒಂದು ಕಡೆಗೆ ಜರುಗಿ ತುಳುಕಿತು.

"ಕಾರು ನಿಂತಿರೋದೇ ಓರೆ. ಅದನ್ನೇ ಮಟ್ಟ ಅಂತ ನಂಬಿಕೊಂಡೈತೆ ನಿನ್ನ ಮೀಟರು. ಪಾಪ, ಅದರ ತಪ್ಪೇನು?"

"ಹಂಗಾದ್ರೆ ಯಾವ್ದು ಇಟ್ಕೊಳ್ಳಲಿ?"

"ಯಾವ್ದಾದ್ರೂ ಇಟ್ಕೋ. ಇಟ್ಕೊಂಡ ಮೇಲೆ ಬಿಡಬಾರ್ದು ಅಷ್ಟೆ."

ಮೇಸ್ತ್ರಿಯ ಕಾರು ಹಳೇದು, ಸಣ್ಣದು. ಅದರಲ್ಲಿದ್ದ ಮೀಟರು ಇನ್ನೂ ಹಳೇದು. ಪ್ಲಾಸ್ಟಿಕ್ಕು ಹಳದಿ ತಿರುಗಿತ್ತು. ಕೊಟ್ರೇಶ ತನ್ನ ಮೂರನ್ನೂ ಚೀಲಕ್ಕೆ ಹಾಕಿ ಮೊಳೆಗೆ ನೇತುಹಾಕಿದ. ಮೇಸ್ತ್ರಿಯ ಹಳೇ ಮೀಟರಿನಲ್ಲೇ ಕಲಿಯಲು ಕೂತ.

ಕಲಿಕೆ ಅಂದರೆ ಇಷ್ಟೇ. ಬೆಳಿಗ್ಗೆ ಗುಡಿಸುವುದು. ನಾಲ್ಕು ಟೈರಿಗೂ ನಿನ್ನೆ ಇದ್ದಷ್ಟೇ ಗಾಳಿ. ಪೆಟ್ರೋಲು ಅದೇ ಗೆರೆಗೆ. ತಟ್ಟೆಯ ನೀರು ಸಮ ನಿಲ್ಲುವ ತನಕ ಕಾರನ್ನು ಹಿಂದೆ ಮುಂದೆ ಮಾಡುವುದು, ಆಮೇಲೆ ಮೀಟರಿನ ಗುಂಡಿ ಒತ್ತುವುದು. ಹೊಳೆಯ ಕಡೆಗೆ ಒಂದು ಓಟ, ಹೊಳೆಯಿಂದ ಈಚೆಗೆ ಒಂದು ಓಟ. ಗಾಳಿ ಒಂದು ಸಲ ನೂಕುತ್ತದೆ, ಒಂದು ಸಲ ತಡೆಯುತ್ತದೆ. ಎರಡರ ನಡುವಿನದು ನಿನ್ನದು.

ಮೀಟರಿಗೆ ತೂಕವನ್ನೂ ಹೇಳಬೇಕಿತ್ತು. ಕಾರಿನದು, ಒಳಗೆ ಕೂತವರದು. ತೂಕ ತಪ್ಪಿದರೆ ಕುದುರೆಯ ಬಲದ ಲೆಕ್ಕ ತಪ್ಪುತ್ತದೆ. ಮೊದಲ ದಿನವೇ ಮೇಸ್ತ್ರಿ ಕೊಟ್ರೇಶನನ್ನು ಶೆಡ್ಡಿನ ತೂಕದ ಯಂತ್ರದ ಮೇಲೆ ಹತ್ತಿಸಿದ್ದರು. ತಮಗಿಂತ ಏಳು ಕೆಜಿ ಹೆಚ್ಚು ಅಂತ ಕಂಡುಕೊಂಡು ಮೀಟರಿಗೆ ಏಳು ಸೇರಿಸಿದ್ದರು.

ಇಷ್ಟೆಲ್ಲ ಸರಿ. ಒಂದು ಮಾತ್ರ ಕೊಟ್ರೇಶನಿಗೆ ಬಗೆಹರಿಯಲಿಲ್ಲ.

ಎಡಗಡೆ ಸೀಟಿನಲ್ಲಿ ಒಂದು ಗೋಣಿಮೂಟೆ ಇರುತ್ತಿತ್ತು. ಬಾಯಿ ಹೊಲಿದ ಮರಳು ಮೂಟೆ. ಅದಕ್ಕೆ ಸೀಟ್ ಬೆಲ್ಟ್ ಬೇರೆ. ಓಟಕ್ಕೆ ಹೊರಡುವ ಮೊದಲು ಮೇಸ್ತ್ರಿ ಬೆಲ್ಟು ಎಳೆದು ನೋಡುತ್ತಿದ್ದರು. ತಮ್ಮದನ್ನು ಒಮ್ಮೊಮ್ಮೆ ಮರೆಯುತ್ತಿದ್ದರು. ಅದರದ್ದನ್ನು ಮರೆತವರಲ್ಲ.

ಕೊಟ್ರೇಶ ಅದಕ್ಕೆ ಸಾಹುಕಾರ ಅಂತ ಹೆಸರಿಟ್ಟ. ದುಡಿಯುವುದಿಲ್ಲ, ಇಳಿಯುವುದಿಲ್ಲ, ಕೂತಲ್ಲೇ ಸವಾರಿ. ಬೆಳಿಗ್ಗೆ ಬಂದವನೇ ಕಿಟಕಿಯಲ್ಲಿ ತಲೆಹಾಕಿ, ಸಾಹುಕಾರ್ರಿಗೆ ಕಾಫಿ ಆಯ್ತಾ ಅಂತ ಕೇಳುತ್ತಿದ್ದ. ಮೇಸ್ತ್ರಿ ನಗುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ.

ಒಂದು ದಿನ ಕೇಳಿಯೇ ಬಿಟ್ಟ.

"ಈ ಮೂಟೆ ಇಳಿಸಿ, ಅದರ ತೂಕ ಮೀಟರಿನಲ್ಲಿ ಕಳೆದ್ರೆ ಆಯ್ತಲ್ಲ ಮೇಸ್ತ್ರಿ?"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿದ್ದರು. ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ಕೂಡೋ ಲೆಕ್ಕ ಬರ್ತೈತೆ ನಂಗೆ. ಕಳೆಯೋದು ಬರಲ್ಲ."

ಮೇಸ್ತ್ರಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ಅಂತ ಊರಲ್ಲಿ ಹೇಳುತ್ತಿದ್ದರು. ಇರಬಹುದು ಅಂದುಕೊಂಡ ಕೊಟ್ರೇಶ. ಪಾಪ ಅನ್ನಿಸಿತು.

ಇನ್ನೂ ಒಂದಿತ್ತು. ಮೇಸ್ತ್ರಿ ತಾವೇ ಓಡಿಸಿ ತೋರಿಸಿದಾಗ, ಕಾರು ನಿಂತ ತಕ್ಷಣ "ಎಷ್ಟು?" ಅನ್ನುತ್ತಿದ್ದರು. ಮೀಟರು ಅವರ ಕಣ್ಣ ಮುಂದೇ ಇತ್ತು. ಆದರೂ ಕೇಳುತ್ತಿದ್ದರು. ಕೊಟ್ರೇಶ ಓಡಿಹೋಗಿ, ಕಿಟಕಿಯಲ್ಲಿ ಇಣುಕಿ, ಓದಿ ಹೇಳುತ್ತಿದ್ದ. ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಂಡಿದ್ದ.

ಹೇಳಿದ್ದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆಯುವುದೂ ಅವನದೇ ಕೆಲಸ. ಪುಸ್ತಕದ ಮೊದಲರ್ಧ ಯಾರದೋ ದುಂಡು ಅಕ್ಷರ. ತಾರೀಖು, ಗಾಳಿ ಯಾವ ಕಡೆ, ಎಷ್ಟು ಸೆಕೆಂಡು. ಎಲ್ಲ ನೆಟ್ಟಗೆ. ಆ ಕೈಬರಹದ ಕೊನೇ ಸಾಲಿನಲ್ಲಿ ತಾರೀಖು ಇತ್ತು, ಗಾಳಿ ಇತ್ತು. ಸೆಕೆಂಡಿನ ಜಾಗ ಖಾಲಿ. ಬರೆಯುವವರು ಎದ್ದು ಹೋದ ಹಾಗೆ.

ಮೂರು ತಿಂಗಳಾಯಿತು. ಪಂದ್ಯ ಭಾನುವಾರ ಇತ್ತು. ಹೆಸರು ಕೊಡಲು ಶನಿವಾರ ಮಧ್ಯಾಹ್ನ ಕಡೆ. ಮೇಸ್ತ್ರಿಯ ಕಾರೇ ಬೇಕು, ಮೇಸ್ತ್ರಿಯ ಸಹಿಯೇ ಬೇಕು. ಮೇಸ್ತ್ರಿ ಹೇಳಿದ್ದು ಒಂದೇ ಮಾತು. ಎರಡು ಕಡೆಯಿಂದಲೂ ಹನ್ನೆರಡು ಸೆಕೆಂಡಿನೊಳಗೆ ಬಾ, ಸಹಿ ಹಾಕುತ್ತೇನೆ.

ಕೊಟ್ರೇಶ ಹನ್ನೆರಡು ಮೂರರಲ್ಲಿ ಸಿಕ್ಕಿಬಿದ್ದಿದ್ದ. ಹದಿನೈದು ದಿನದಿಂದ ಅಲ್ಲೇ. ಗೇರು ಬದಲಿಸುವುದನ್ನು ತಿದ್ದಿಕೊಂಡ. ಉಸಿರು ಹಿಡಿದು ಓಡಿಸಿದ. ಚಪ್ಪಲಿ ಬಿಟ್ಟು ಓಡಿಸಿದ. ಹನ್ನೆರಡು ಮೂರು.

ಪಂದ್ಯದ ದಿನ ಮೂಟೆ ಇರುವುದಿಲ್ಲವಲ್ಲ ಅಂತ ವಾದ ಮಾಡಿ ನೋಡಿದ. ಇದ್ದಾಗ ಬರದ ವೇಗ ಇಲ್ಲದಾಗ ಬಂದರೆ ಅದು ನಿನ್ನದಲ್ಲ ಅಂದರು ಮೇಸ್ತ್ರಿ.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಬ್ರೇಕಿನ ಸಾಮಾನು ತರಲು ಪೇಟೆಗೆ ಹೋದರು. ಕೊಟ್ರೇಶ ಗುಡಿಸಿದ. ಗಾಳಿ ನೋಡಿದ. ಪೆಟ್ರೋಲು ನೋಡಿದ. ನೀರಿನ ತಟ್ಟೆ ಇಟ್ಟ. ಸಾಹುಕಾರನನ್ನು ನೋಡಿದ.

ಒಂದೇ ಒಂದು ಸಲ ಅಂದುಕೊಂಡ. ಬರೇ ನೋಡುವುದಕ್ಕೆ.

ಬೆಲ್ಟು ಬಿಚ್ಚಿದ. ಮೂಟೆಯನ್ನು ತಬ್ಬಿ ಎತ್ತಿದ. ಶೆಡ್ಡಿನ ಗೋಡೆಗೆ ಒರಗಿಸಿ ಇಡಬೇಕು ಅಂತಿದ್ದ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಳೇ ಗೋಣಿ ಹೊಲಿಗೆಯ ಉದ್ದಕ್ಕೂ ಪರ್ರನೆ ಸೀಳಿತು. ಮರಳೆಲ್ಲ ರನ್‌ವೇ ಮೇಲೆ.

ಕೊಟ್ರೇಶ ಮೂರು ತಿಂಗಳು ಕಲಿತದ್ದು ಒಂದೇ. ರನ್‌ವೇ ಮೇಲೆ ಒಂದು ಹಿಡಿ ಮಣ್ಣು ಇರಬಾರದು.

ಪೊರಕೆ ತಂದ. ಗುಡಿಸಿದ. ಬುಟ್ಟಿಗೆ ತುಂಬಿದ. ಹೊಳೆಗೆ ಸುರಿದ. ಆರೇಳು ಬುಟ್ಟಿ ಆಯಿತು. ಹೊಳೆಯ ತುಂಬ ಮರಳೇ ಇದೆ, ಸಂಜೆಗೆ ಬೇರೆ ಚೀಲಕ್ಕೆ ತುಂಬಿದರಾಯಿತು ಅಂದುಕೊಂಡ. ಕಡೇ ಹುಡಿಯನ್ನೂ ಬಿಡದೆ ಗುಡಿಸಿದ. ಮೇಸ್ತ್ರಿ ನೋಡಿದರೆ ಮೆಚ್ಚಬೇಕು, ಹಾಗೆ.

ಆಮೇಲೆ ಓಡಿಸಿದ.

ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಚಿಮ್ಮಿತು. ಹನ್ನೊಂದು ಆರು. ಹೊಳೆಯಿಂದ ಈಚೆಗೆ ಓಡಿಸಿದ. ಹನ್ನೊಂದು ಏಳು. ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ. ತನ್ನ ಪೂರಾ ವೇಗ ಕಂಡೆ ಅನ್ನಿಸಿತು.

ಮೇಸ್ತ್ರಿ ಬಂದಾಗ ಅವನು ಅಂಗೈಯಲ್ಲಿ ಪ್ರಸಾದ ಹಿಡಿದವನ ಹಾಗೆ ಮೀಟರು ಹಿಡಿದು ನಿಂತಿದ್ದ. ಮೂಟೆಯ ವಿಷಯ ಮೊದಲು ಹೇಳಬೇಕು ಅಂತಿದ್ದ. ಬಾಯಿಂದ ಬಂದದ್ದು ಅಂಕಿ.

ಮೇಸ್ತ್ರಿ ಮೀಟರು ಇಸಿದುಕೊಂಡರು. ಸೆಕೆಂಡನ್ನು ನೋಡಲಿಲ್ಲ. ಗುಂಡಿ ಒತ್ತಿ ಕೆಳಗಿನ ಅಂಕಿ ನೋಡಿದರು. ಕುದುರೆಯ ಬಲದ್ದು. ದಿನವೂ ಐವತ್ತೆಂಟು ಇರುತ್ತಿತ್ತು. ಅರವತ್ತೆರಡು ಅಂತಿತ್ತು.

"ಎಂಜಿನ್ ಬಿಚ್ಚಿದ್ಯಾ?"

"ಇಲ್ಲ ಮೇಸ್ತ್ರಿ."

"ಮತ್ತೆ ನಾಲ್ಕು ಕುದುರೆ ಎಲ್ಲಿಂದ ಬಂದ್ವು?"

ಕೊಟ್ರೇಶನಿಗೆ ಆಗ ಹೊಳೆಯಿತು. ಮೀಟರಿನಲ್ಲಿ ತೂಕ ಬದಲಿಸಿರಲಿಲ್ಲ. ಮೂಟೆ ಇದೆ ಅಂತಲೇ ಅದು ಲೆಕ್ಕ ಹಾಕಿತ್ತು. ಇಲ್ಲದ ಭಾರವನ್ನು ಹೊತ್ತು ಓಡಿದೆ ಅಂತ ನಂಬಿ, ಎಂಜಿನ್ನಿಗೆ ಇಲ್ಲದ ಬಲ ಕೊಟ್ಟಿತ್ತು.

ಮೇಸ್ತ್ರಿ ಕಾರಿನ ಹತ್ತಿರ ಹೋದರು. ಓಡಲಿಲ್ಲ. ಎಡಗಡೆ ಬಾಗಿಲು ತೆಗೆದರು. ಖಾಲಿ ಸೀಟಿನ ಮೇಲೆ ಅಂಗೈ ಊರಿದರು. ಬಿಸಿ ಇದೆಯಾ ಅಂತ ನೋಡುವವರ ಹಾಗೆ.

"ಎಲ್ಲಿ ಇಳಿಸಿದೆ?"

ಮೂಟೆಯನ್ನು ಕೇಳುವ ದನಿ ಅಲ್ಲ ಅದು.

"ಗೋಣಿ ಹರೀತು ಮೇಸ್ತ್ರಿ. ರನ್‌ವೇ ಮೇಲೆ ಚೆಲ್ತು. ಗುಡಿಸಿ ಹೊಳೆಗೆ ಹಾಕ್ದೆ."

"ಎಲ್ಲಾ?"

"ಎಲ್ಲಾ."

ಮೇಸ್ತ್ರಿ ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಬೈಗುಳ ಬರುತ್ತದೆ ಅಂತ ಕೊಟ್ರೇಶ ಕಾದ. ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಮೇಸ್ತ್ರಿ ಮಾತಾಡಿದರು. ನೆಲ ನೋಡಿಕೊಂಡೇ ಹೇಳಿದರು. ತಡೆದು ತಡೆದು ಹೇಳಿದರು.

ಆ ಸೀಟು ಹಾಲಮ್ಮನದು. ಅವರ ಹೆಂಡತಿ. ಮೇಸ್ತ್ರಿ ಓಡಿಸುವುದು, ಹಾಲಮ್ಮ ಮೀಟರು ಓದಿ ಬರೆಯುವುದು. ದುಂಡು ಅಕ್ಷರ ಅವಳದು. ಮೀಟರು ತಂದ ದಿನ ಇಬ್ಬರೂ ಅಕ್ಕಿ ಗಿರಣಿಗೆ ಹೋಗಿ ತೂಕ ನೋಡಿಕೊಂಡಿದ್ದರು. ಅವಳು ಐವತ್ತೆರಡೂವರೆ. ಮೇಸ್ತ್ರಿ ಅದನ್ನು ಗಿರಣಿಯವನ ಮುಂದೆ ಗಟ್ಟಿಯಾಗಿ ಹೇಳಿದ್ದಕ್ಕೆ, ಹೆಂಗಸರ ತೂಕ ಊರಿಗೆಲ್ಲ ಡಂಗುರ ಹೊಡೀತೀಯಾ ಅಂತ ದಾರಿಯುದ್ದಕ್ಕೂ ಜಗಳ ಮಾಡಿದ್ದಳು.

ಒಂದು ದಿನ ಬೆಳಿಗ್ಗೆ ಓಟ ಮುಗಿಯಿತು. ಮೇಸ್ತ್ರಿ ಕಣ್ಣು ರಸ್ತೆಯ ಮೇಲೇ ಇಟ್ಟು "ಎಷ್ಟು?" ಅಂದರು. ಉತ್ತರ ಬರಲಿಲ್ಲ. ಓದೋಕೆ ಇಷ್ಟು ಹೊತ್ತಾ ಅಂತ ಗದರಿದರು. ಉತ್ತರ ಬರಲಿಲ್ಲ. ತಿರುಗಿ ನೋಡಿದರು. ಪೆನ್ಸಿಲು ಕೈಯಲ್ಲೇ ಇತ್ತು. ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ಹನ್ನೆರಡು ಸೆಕೆಂಡಿನಲ್ಲಿ ಯಾವಾಗ ಹೋದಳೋ ಗೊತ್ತಾಗಲಿಲ್ಲ. ಎದೆ ನಿಂತಿದೆ ಅಂದರು ಡಾಕ್ಟರು.

"ಕಡೇ ಮಾತು ಗದರಿದ್ದು," ಅಂದರು ಮೇಸ್ತ್ರಿ.

ಕೊಟ್ರೇಶನಿಗೆ ಪುಸ್ತಕ ನೆನಪಾಯಿತು. ಖಾಲಿ ಬಿಟ್ಟ ಸಾಲು ಕಣ್ಣ ಮುಂದೆ ಬಂತು. ಎಷ್ಟು ಸಲ ಅದರ ಕೆಳಗೇ ತನ್ನ ಅಂಕಿ ಬರೆದಿದ್ದ. ಎಷ್ಟು ಸಲ ಕಿಟಕಿಯಲ್ಲಿ ತಲೆಹಾಕಿ ಸಾಹುಕಾರ ಅಂದಿದ್ದ.

"ಹದಿಮೂರು ದಿನ ಆದ ಮೇಲೆ ಒಬ್ನೇ ಓಡಿಸಿದೆ," ಅಂದರು ಮೇಸ್ತ್ರಿ. "ಚಿಮ್ಮಿತು ನೋಡು ಕಾರು. ಇವತ್ತು ನಿಂಗೆ ಚಿಮ್ಮಿದಂಗೆ. ಯಾವತ್ತೂ ಬರದ ಅಂಕಿ ಬಂದಿತ್ತು. ಅವಳು ಹೋಗಿದ್ದಕ್ಕೆ ನಂಗೆ ಸಿಕ್ಕ ಲಾಭ ಅದು."

ಇಳಿದು ವಾಂತಿ ಮಾಡಿಕೊಂಡರಂತೆ. ಆವತ್ತೇ ಗೋಣಿ ತಂದು, ಮರಳು ತುಂಬಿ, ತೂಗಿ, ಬಾಯಿ ಹೊಲಿದು ಕೂರಿಸಿದರಂತೆ. ಆರು ವರ್ಷ.

ಇಷ್ಟು ಹೇಳಿ ಮೇಸ್ತ್ರಿ ಎದ್ದು ಶೆಡ್ಡಿಗೆ ಹೋದರು. ಬಾಗಿಲು ಹಾಕಿಕೊಂಡರು.

ಕೊಟ್ರೇಶ ಹೊಳೆಗೆ ಓಡಿದ. ಸುರಿದ ಜಾಗ ಹುಡುಕಿದ. ಮೊಣಕಾಲುದ್ದ ನೀರು. ಬಗ್ಗಿ ಎರಡು ಕೈಲೂ ಮರಳು ಎತ್ತಿದ. ಇದು ಸುರಿದದ್ದೋ, ಹೊಳೆಯದೋ? ಇನ್ನೊಂದು ಬೊಗಸೆ ಎತ್ತಿದ. ಅದೂ ಹಾಗೇ ಇತ್ತು. ದಂಡೆಯಿಂದ ದಂಡೆಗೆ ಎಲ್ಲ ಒಂದೇ ಬಣ್ಣ. ಅವನು ಗರ ಬಡಿದವನಂತೆ ನೀರಿನಲ್ಲಿ ನಿಂತ. ಬೊಗಸೆಯ ಮರಳು ಬೆರಳ ಸಂದಿಯಲ್ಲಿ ಜಾರಿ ಖಾಲಿಯಾಯಿತು.

ಕಡೆಗೆ ಸಿಕ್ಕಿದ್ದನ್ನೇ ತುಂಬಿದ. ಹೊಸ ಗೋಣಿ ತಂದ. ತೂಕದ ಯಂತ್ರದ ಮೇಲೆ ಇಟ್ಟು ಬೊಗಸೆ ಬೊಗಸೆ ಹಾಕಿದ. ಐವತ್ತೆರಡೂವರೆಗೆ ಮುಳ್ಳು ನಿಂತಿತು. ಅರ್ಧ ಬೊಗಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಿ ಹೊಲಿದ. ಎತ್ತಿ ತಂದು ಎಡಗಡೆ ಸೀಟಿನಲ್ಲಿ ಕೂರಿಸಿದ. ಬೆಲ್ಟು ಹಾಕಿದ. ಎಳೆದು ನೋಡಿದ.

ಮೂಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಶುಕ್ರವಾರ ಮೇಸ್ತ್ರಿ ಹೊರಗೆ ಬಂದರು. ಮೂಟೆ ನೋಡಿದರು. ಹೊಸ ಗೋಣಿ ನೋಡಿದರು. ಮತ್ತೆ ಒಳಗೆ ಹೋದರು. ಆ ದಿನ ಕಾರು ಓಡಲಿಲ್ಲ. ಕೊಟ್ರೇಶ ಪಂದ್ಯದ ಫಾರಂ ಮಡಿಚಿ ಪುಸ್ತಕದೊಳಗೆ ಇಟ್ಟ. ಸಹಿ ಕೇಳುವ ಬಾಯಿ ಅವನಿಗಿರಲಿಲ್ಲ. ರನ್‌ವೇಯನ್ನು ಎರಡು ಸಲ ಗುಡಿಸಿದ. ಬಿಸಿಲು ಜೋರಾಗಿತ್ತು. ಕಾರು ಇಡೀ ದಿನ ಬಿಸಿಲಲ್ಲೇ ನಿಂತಿತ್ತು.

ಶನಿವಾರ ಬೆಳಿಗ್ಗೆ ಏಕೋ ಅನುಮಾನ ಬಂತು. ಮೂಟೆಯನ್ನು ಇಳಿಸಿ ತೂಗಿದ.

ಐವತ್ತೊಂದು.

ಯಂತ್ರ ಕೆಟ್ಟಿತೇನೋ ಅಂತ ತಾನು ಹತ್ತಿ ನೋಡಿದ. ಕೆಟ್ಟಿರಲಿಲ್ಲ. ಮತ್ತೆ ಮೂಟೆ ಇಟ್ಟ. ಐವತ್ತೊಂದು. ಗೋಣಿ ಎಲ್ಲೂ ಹರಿದಿಲ್ಲ. ಒಂದು ಕಾಳು ಮರಳು ಸೋರಿಲ್ಲ. ಆದರೂ ಒಂದೂವರೆ ಕೆಜಿ ಇಲ್ಲ.

ಎರಡನೇ ಸಲ ಕಳೆದೆನಲ್ಲ ಅನ್ನಿಸಿತು. ಮೂಟೆಯನ್ನು ಹೊಳೆಯ ದಂಡೆಗೆ ಹೊತ್ತ. ಹೊಲಿಗೆ ಬಿಚ್ಚಿದ. ಬಗ್ಗಿ ಬೊಗಸೆ ತುಂಬಿದ.

ಹಿಂದೆ ಹೆಜ್ಜೆಯ ಸದ್ದಾಯಿತು.

"ಏನ್ ಮಾಡ್ತಿದೀಯಾ?"

"ತೂಕ ಇಳಿದೈತೆ ಮೇಸ್ತ್ರಿ. ಹಸಿ ಮರಳು ತುಂಬಿದ್ದೆ. ಆರಿದೆ." ಅವನು ಬೊಗಸೆ ಬಿಡಲಿಲ್ಲ. "ದಿನಾ ತೂಗ್ತೀನಿ. ಕಮ್ಮಿ ಆದಷ್ಟು ದಿನಾ ತುಂಬ್ತೀನಿ. ಐವತ್ತೆರಡೂವರೆ ಇಳಿಯೋಕೆ ಬಿಡಲ್ಲ."

ಮೇಸ್ತ್ರಿ ಪಕ್ಕದಲ್ಲಿ ಕೂತರು. ಮೂಟೆಯ ಬಾಯಿಯೊಳಗೆ ಕೈ ಇಳಿಸಿದರು. ಮೇಲಿನ ಮರಳು ಆರಿ ಬೆಚ್ಚಗಿತ್ತು. ಕೆಳಗೆ ಇನ್ನೂ ತಂಪಿತ್ತು. ಕೈಯನ್ನು ಅಲ್ಲೇ ಬಿಟ್ಟರು. ಹೊಳೆ ಹರಿಯುತ್ತಿತ್ತು.

ಆಮೇಲೆ ಕೊಟ್ರೇಶನ ಬೊಗಸೆ ಹಿಡಿದು, ಮೆಲ್ಲಗೆ ಓರೆ ಮಾಡಿ, ಅದರಲ್ಲಿದ್ದ ಮರಳನ್ನು ನೀರಿಗೇ ಬಿಟ್ಟರು. ಖಾಲಿಯಾದ ಅಂಗೈಗೆ ಕಾರಿನ ಕೀಲಿಕೈ ಇಟ್ಟರು.

"ಮಧ್ಯಾಹ್ನಕ್ಕೆ ಇನ್ನೂ ಹೊತ್ತೈತೆ. ಓಡಿಸು."

ಕೊಟ್ರೇಶ ಕೀಲಿಕೈ ನೋಡಿದ. ಮೂಟೆ ನೋಡಿದ. ಮೀಟರು ಇನ್ನೂ ಹಳೇ ತೂಕವನ್ನೇ ನಂಬಿಕೊಂಡಿತ್ತು.

"ಮೀಟರಿಗೆ ಎಷ್ಟು ಅಂತ ಹೇಳ್ಲಿ ಮೇಸ್ತ್ರಿ?"

ಮೇಸ್ತ್ರಿ ಸೂಜಿ ದಾರ ತೆಗೆದುಕೊಂಡು ಮೂಟೆಯ ಬಾಯಿ ಹೊಲಿಯತೊಡಗಿದ್ದರು. ತಲೆ ಎತ್ತಲಿಲ್ಲ.

"ಆರಿದಷ್ಟು ಕಳಿ."